ಗಾಳಿಯಲ್ಲೊಂದು ಊರ ಕೆರೆ

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ತೇರು ಹೊರಟ ಹೊತ್ತು. ಬೀದಿಯ ಎರಡೂ ಬದಿಗೆ ಹೆಗಲಿಗೆ ಹೆಗಲು ತಾಗುವಷ್ಟು ಜನ. ಡೊಳ್ಳು, ಪೀಪಿ, ಮೈಕು ಎಲ್ಲವೂ ಒಟ್ಟಿಗೆ. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಬೆಂಗಳೂರಿನಲ್ಲಿರುವ ಮಗನಿಗೆ ತೇರಿನ ಸುದ್ದಿ ಹೇಳಲು ಹೊರಟವರಿಗೆ ಅತ್ತಲಿನ ಮಾತು ತುಂಡು ತುಂಡಾಗಿ ಕೇಳುತ್ತದೆ. ‘ಟವರ್ ಸಿಗ್ತಾ ಇಲ್ಲ ಮಾರಾಯ, ಆಮೇಲೆ ಮಾಡು’ ಎಂದು ಹೇಳಿ ಇಡುತ್ತಾರೆ. ಅದೇ ಮನುಷ್ಯ ಸಂಜೆ ಸೊರಬದ ಕಡೆಯ ತನ್ನ ಹಳ್ಳಿಗೆ ಮರಳಿ, ತೋಟದ ಅಂಚಿನಲ್ಲಿ ನಿಂತು ಅದೇ ಫೋನಿನಲ್ಲಿ, ಅದೇ ಬ್ಲೂಟೂತಿನಲ್ಲಿ ಮಾತನಾಡಿದರೆ ಒಂದಕ್ಷರವೂ ತಪ್ಪದೆ ಕೇಳಬಹುದು. ಅಲ್ಲಿ ಟವರ್ ಇನ್ನೂ ದೂರ.

ಹಾಗಾದರೆ ತೇರುಬೀದಿಯಲ್ಲಿ ಮಾತನ್ನು ಕತ್ತರಿಸಿದ್ದು ಯಾರು? ಸಂಶಯಕ್ಕೆ ಮೂವರಿದ್ದಾರೆ. ಒಂದು, ಎಲ್ಲರೂ ಬಯ್ಯುವ ಟವರ್. ಎರಡು, ಫೋನಿಗೂ ಕಿವಿಗೂ ನಡುವೆ ಅಡ್ಡ ನಿಂತ ಅವರದೇ ಶರೀರ. ಮೂರು, ಸುತ್ತ ನಿಂತವರ ಜೇಬಿನಲ್ಲಿರುವ ನೂರಾರು ಸಾಧನಗಳು. ಇವುಗಳಲ್ಲಿ ತಪ್ಪು ಯಾರದೆಂದು ಹೇಳಬೇಕಾದರೆ ಅಳೆಯಬೇಕು. ಕಣ್ಣಿಗೆ ಕಾಣದ, ಕ್ಷಣಕ್ಷಣಕ್ಕೂ ಜಾಗ ಬದಲಿಸುವ ಅಲೆಗಳ ನಡುವಿನ ಈ ತಾಕಲಾಟವನ್ನು ಅಳೆಯುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ.

ರೇಡಿಯೊ ಕಾಲದ ಜಗಳ

ಅಲೆಗಳ ಜಗಳ ಮಲೆನಾಡಿಗೆ ಹೊಸದಲ್ಲ. ಮೀಡಿಯಂ ವೇವ್ ಕಾಲದ ರೇಡಿಯೊ ಕೇಳುಗರಿಗೆ ಅದು ದಿನನಿತ್ಯದ ಅನುಭವವಾಗಿತ್ತು. ಹಗಲು ಸ್ವಚ್ಛವಾಗಿ ಕೇಳುತ್ತಿದ್ದ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಕಂಪನಾಂಕದ ಮೇಲೆ ರಾತ್ರಿಯಾದಂತೆ ಯಾವುದೋ ದೂರದ ಕೇಂದ್ರದ ಅರಿಯದ ಭಾಷೆ ಬಂದು ಕೂರುತ್ತಿತ್ತು. ಹಗಲಿನಲ್ಲಿ ಆಕಾಶದಲ್ಲೇ ಹೀರಿಹೋಗುವ ಈ ಅಲೆಗಳು ರಾತ್ರಿ ವಾಯುಮಂಡಲದ ಮೇಲಿನ ವಿದ್ಯುತ್ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುವುದೇ ಇದಕ್ಕೆ ಕಾರಣ. ಮುಂಗಾರಿಗೆ ಮುನ್ನ ಗುಡುಗು ಸಿಡಿಲು ಶುರುವಾದರಂತೂ ರೇಡಿಯೊದಲ್ಲಿ ಹುರಿಗಡಲೆ ಸಿಡಿದ ಸದ್ದು.

ಈ ಸಿಡಿಲಿನ ಸದ್ದನ್ನು ಅಳತೆಗೆ ಒಳಪಡಿಸಿದವರಲ್ಲಿ ಪ್ರೊ. ಎಸ್.ವಿ.ಸಿ. ಅಯ್ಯ ಅವರ ಹೆಸರು ಮುಖ್ಯ. ವಾಯುಮಂಡಲದ ಗದ್ದಲವು ರೇಡಿಯೊ ಪ್ರಸಾರಕ್ಕೆ ಕೊಡುವ ಉಪಟಳವನ್ನು ಅಳೆಯುವ ಬಗೆಯ ಕುರಿತು 1950ರ ದಶಕದಲ್ಲೇ ಬರೆದ ಅವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಯಂತ್ರದ ಮುಳ್ಳು ಎಷ್ಟು ಏರಿತೆಂದು ನೋಡಿದರಷ್ಟೇ ಸಾಲದು. ಕೇಳುಗನಿಗೆ ಅದರಿಂದ ಎಷ್ಟು ತೊಂದರೆಯಾಯಿತು ಎಂಬುದೂ ಲೆಕ್ಕಕ್ಕೆ ಬರಬೇಕು. ಗದ್ದಲದ ಅಳತೆಯ ಈ ಪಾಠ ಇಂದಿನ ಬ್ಲೂಟೂತಿಗೂ ಅನ್ವಯಿಸುತ್ತದೆ.

ಆದರೆ ರೇಡಿಯೊ ಕಾಲದಲ್ಲಿ ಒಂದು ಅನುಕೂಲವಿತ್ತು. ಪ್ರತಿ ಕೇಂದ್ರಕ್ಕೂ ಇಂಥದ್ದೇ ಕಂಪನಾಂಕ ಎಂದು ಸರ್ಕಾರ ಗೊತ್ತುಮಾಡಿತ್ತು. 675ರಲ್ಲಿ ಭದ್ರಾವತಿ, 765ರಲ್ಲಿ ಧಾರವಾಡ. ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗಿದರೆ ಯಾರು, ಎಲ್ಲಿ ಎಂದು ಹಿಡಿಯಬಹುದಿತ್ತು. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲವದು. ತೇರುಬೀದಿಯ ಸಾಧನಗಳು ಇದಕ್ಕೆ ತೀರಾ ಭಿನ್ನ. ಅವುಗಳಿಗೆ ಲೈಸೆನ್ಸ್ ಬೇಕಿಲ್ಲ, ಗೊತ್ತಾದ ಜಾಗವಿಲ್ಲ. ಜೊತೆಗೆ ಅವು ನಿಂತಲ್ಲಿ ನಿಲ್ಲುವುದೂ ಇಲ್ಲ.

ನಟಿ, ಪಿಯಾನೊ ಮತ್ತು ಡೊಳ್ಳು

ಒಂದೇ ಕಂಪನಾಂಕದಲ್ಲಿ ಮಾತನಾಡಿದರೆ ಶತ್ರು ಅದೇ ಕಂಪನಾಂಕದಲ್ಲಿ ಗದ್ದಲ ಎಬ್ಬಿಸಿ ಮಾತು ಕೆಡಿಸಬಹುದು. ಆದ್ದರಿಂದ ಕಂಪನಾಂಕವನ್ನು ಮತ್ತೆ ಮತ್ತೆ ಬದಲಿಸುತ್ತಲೇ ಇರಬೇಕು ಎಂಬ ಯೋಚನೆ 20ನೇ ಶತಮಾನದ ಆರಂಭದಿಂದಲೂ ಅಲ್ಲಲ್ಲಿ ಇತ್ತು. ಅದಕ್ಕೆ ಸ್ವಾರಸ್ಯಕರ ರೂಪ ಕೊಟ್ಟವರು ಇಬ್ಬರು ಕಲಾವಿದರು. ವಿಯೆನ್ನಾದಲ್ಲಿ 1914ರಲ್ಲಿ ಹುಟ್ಟಿ ಹಾಲಿವುಡ್ ತಾರೆಯಾದ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್. ಲಮಾರ್ ಅವರ ಮೊದಲ ಗಂಡ ಆಸ್ಟ್ರಿಯಾದ ಶಸ್ತ್ರಾಸ್ತ್ರ ಉದ್ಯಮಿ. ಆಂಥೈಲ್ ಅವರಿಗೆ ಹಲವು ಯಾಂತ್ರಿಕ ಪಿಯಾನೊಗಳನ್ನು ಒಂದೇ ಲಯಕ್ಕೆ ಹೊಂದಿಸಬೇಕೆಂಬ ಹುಚ್ಚು. ತೂತು ಕೊರೆದ ಕಾಗದದ ಸುರುಳಿಯಿಂದ ಯಾಂತ್ರಿಕ ಪಿಯಾನೊ ತಾನೇ ನುಡಿಯುವಂತೆ, ಹಡಗಿನಲ್ಲೂ ಟಾರ್ಪೆಡೊದಲ್ಲೂ ಒಂದೇ ಬಗೆಯ ಸುರುಳಿ ಇಟ್ಟು 88 ಕಂಪನಾಂಕಗಳ ನಡುವೆ ಒಟ್ಟಿಗೆ ಜಿಗಿಯುವಂತೆ ಮಾಡಬಹುದೆಂದು ಅವರು ತೋರಿಸಿದರು. 88 ಎಂದರೆ ಪಿಯಾನೊದ ಮನೆಗಳ ಸಂಖ್ಯೆ. 1942ರ ಆಗಸ್ಟ್ 11ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೆ ಆಗ ನಡೆಯುತ್ತಿದ್ದ ಯುದ್ಧದಲ್ಲಿ ನೌಕಾಪಡೆ ಅದನ್ನು ಬಳಸಲಿಲ್ಲ.

ಈ ಜಿಗಿತದ ಗುಟ್ಟು ತಿಳಿಯಲು ಮಲೆನಾಡಿನವರು ವಿಯೆನ್ನಾಕ್ಕೆ ಹೋಗಬೇಕಿಲ್ಲ, ಡೊಳ್ಳು ಕುಣಿತ ನೋಡಿದರೆ ಸಾಕು. ಹನ್ನೆರಡು ಜನ ಒಟ್ಟಿಗೆ ಗತ್ತು ಬದಲಿಸುತ್ತಾರೆ, ಒಟ್ಟಿಗೆ ತಿರುಗುತ್ತಾರೆ. ಮುಂದಿನ ಹೆಜ್ಜೆ ಯಾವುದೆಂದು ತಂಡದವರಿಗೆಲ್ಲ ಮೊದಲೇ ಗೊತ್ತು. ಹೊರಗಿನವನೊಬ್ಬ ನಡುವೆ ನುಗ್ಗಿದರೆ ಎಲ್ಲೋ ಒಂದು ಪೆಟ್ಟು ತಾಳಕ್ಕೆ ಬೀಳಬಹುದು, ಮರುಕ್ಷಣ ತಪ್ಪುತ್ತದೆ. ಕಂಪನಾಂಕ ಜಿಗಿಯುವ ಸಾಧನಗಳೂ ಹಾಗೆಯೇ. ಕಳಿಸುವವನಿಗೂ ಪಡೆಯುವವನಿಗೂ ಜಿಗಿತದ ಕ್ರಮ ತಿಳಿದಿರುತ್ತದೆ. ಉಳಿದವರ ಪಾಲಿಗೆ ಅದು ಗೊತ್ತುಗುರಿಯಿಲ್ಲದ ಓಟ.

ಸೇನೆಗೆ ಇದು ತುಂಬ ಬೇಕಾದ ವಿದ್ಯೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ನಮ್ಮ ಸೇನೆಗೆ ಇಂಥ ಜಿಗಿಯುವ ರೇಡಿಯೊಗಳನ್ನು ತಯಾರಿಸಿಕೊಟ್ಟಿದೆ. ಜನಸಾಮಾನ್ಯರ ಕೈಗೆ ಅದು ಬಂದದ್ದು ಎರಡು ದಾರಿಯಲ್ಲಿ. ಒಂದು, ಸೆಕೆಂಡಿಗೆ 217 ಬಾರಿ ಜಿಗಿಯುವ ಅವಕಾಶವಿದ್ದ ಜಿಎಸ್‌ಎಂ ಮೊಬೈಲ್. ಇನ್ನೊಂದು, ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ 1994ರಲ್ಲಿ ಮೊಳೆತು, 10ನೇ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಅಡ್ಡಹೆಸರನ್ನು ಹೊತ್ತುಕೊಂಡ ಬ್ಲೂಟೂತ್.

79 ಮನೆಗಳ ಲೆಕ್ಕ

ಹಾಡು, ಮಾತಿಗೆ ಮೊದಲಿನಿಂದ ಬಳಕೆಯಲ್ಲಿರುವ ಬ್ಲೂಟೂತಿಗೆ 2402ರಿಂದ 2480 ಮೆಗಾಹರ್ಟ್ಸ್‌ವರೆಗೆ ಒಟ್ಟು 79 ಮನೆಗಳು. ಸೆಕೆಂಡಿಗೆ 1600 ಬಾರಿ ಮನೆ ಬದಲಾವಣೆ. ಒಂದೊಂದು ಮನೆಯಲ್ಲಿ ನಿಲ್ಲುವುದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 625 ಭಾಗ ಮಾತ್ರ. ಅಷ್ಟರಲ್ಲಿ ಮಾತಿನ ಒಂದು ಚೂರನ್ನು ಪ್ಯಾಕೆಟ್ಟಿನಲ್ಲಿ ತುಂಬಿ ಕಳಿಸಬೇಕು.

ಪಕ್ಕದಲ್ಲಿ ಇನ್ನೊಂದೇ ಬ್ಲೂಟೂತ್ ಇದ್ದರೆ, ಇಬ್ಬರೂ ಒಂದೇ ಕ್ಷಣ ಒಂದೇ ಮನೆಗೆ ಬರುವ ಸಂಭವ 79ರಲ್ಲಿ ಒಂದು. ಅಂದರೆ ಸೆಕೆಂಡಿಗೆ ಸುಮಾರು 20 ಡಿಕ್ಕಿ. ಇದು ಕಿವಿಗೆ ಗೊತ್ತೇ ಆಗದು. ಅಷ್ಟೇ ಹತ್ತಿರ 10 ಸಾಧನಗಳಿದ್ದು, ಎಲ್ಲವೂ ಬಿಡುವಿಲ್ಲದೆ ಮಾತನಾಡುತ್ತಿದ್ದರೆ ನೂರರಲ್ಲಿ ಸುಮಾರು 12 ಪ್ಯಾಕೆಟ್ಟುಗಳಿಗೆ ಡಿಕ್ಕಿ. 50 ಸಾಧನಗಳಿದ್ದರೆ ನೂರರಲ್ಲಿ 47. ಜಿಗಿತಗಳ ವೇಳೆ ಒಂದಕ್ಕೊಂದು ಹೊಂದದೆ, ಒಬ್ಬನ ಪ್ಯಾಕೆಟ್ಟು ಇನ್ನೊಬ್ಬನ ಎರಡು ಜಿಗಿತಗಳ ನಡುವೆ ಸಿಕ್ಕಿಬಿದ್ದರೆ ಪ್ರತಿ ಜೋಡಿಯ ಅಪಾಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಇನ್ನೊಂದೆಡೆ, ಎಲ್ಲರೂ ಸದಾ ಮಾತನಾಡುವುದಿಲ್ಲ, ಎಲ್ಲರೂ ಅಷ್ಟು ಹತ್ತಿರ ಇರುವುದಿಲ್ಲ. ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ಕಡಿಮೆಯೇ ಇರುತ್ತದೆ. ಎಷ್ಟು ಕಡಿಮೆ ಎಂದು ತಿಳಿಯಲು ಕಾಗದದ ಲೆಕ್ಕ ಸಾಲದು.

ಈ ಬಯಲಿನಲ್ಲಿ ದೊಡ್ಡ ಜಾಗ ಹಿಡಿಯುವವರೂ ಇದ್ದಾರೆ. ಒಂದು ವೈಫೈ ಸುಮಾರು 20 ಮನೆಗಳನ್ನು ಒಟ್ಟಿಗೆ ಆಕ್ರಮಿಸುತ್ತದೆ. ಮೈಕ್ರೊವೇವ್ ಒಲೆ ಸಂದೇಶ ಕಳಿಸುವ ಯಂತ್ರವೇ ಅಲ್ಲ. ಆದರೂ ಅದು ಇದೇ 2450 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಸೆಕೆಂಡಿಗೆ 50 ಬಾರಿ ಏರಿಳಿಯುವ ಮನೆಯ ಕರೆಂಟಿನ ಲಯಕ್ಕೆ ತಕ್ಕಂತೆ ಗದ್ದಲ ಸೋರಿಸುತ್ತದೆ.

ಹಕ್ಕಿ ಎಣಿಸಿದಂತೆ

ಜಿಗಿಯುವ ಅಲೆಗಳನ್ನು ಅಳೆಯುವ ಕಷ್ಟ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಹಕ್ಕಿ ಎಣಿಸುವವರಿಗೆ ಬೇಗ ಅರ್ಥವಾದೀತು. ದುರ್ಬೀನನ್ನು ಒಂದು ಮರದ ಮೇಲಿಟ್ಟು ಎಣಿಸಿ, ಮುಂದಿನ ಮರಕ್ಕೆ ತಿರುಗಿಸುವಷ್ಟರಲ್ಲಿ ಆ ಹಕ್ಕಿ ಈ ಮರಕ್ಕೂ ಈ ಹಕ್ಕಿ ಆ ಮರಕ್ಕೂ ಹಾರಿರುತ್ತವೆ. ಕೆಲವು ಎರಡು ಸಲ ಲೆಕ್ಕಕ್ಕೆ ಬರುತ್ತವೆ, ಕೆಲವು ಬರುವುದೇ ಇಲ್ಲ. ಕಂಪನಾಂಕಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ನೋಡುವ ಹಳೆಯ ಬಗೆಯ ಸ್ಪೆಕ್ಟ್ರಂ ಅನಲೈಸರ್ ಯಂತ್ರದ ಪಾಡೂ ಇದೇ. ಅದರ ಕಣ್ಣು ಒಂದು ಮನೆ ದಾಟುವಷ್ಟರಲ್ಲಿ ಬ್ಲೂಟೂತ್ ಎಷ್ಟೋ ಮನೆ ಸುತ್ತಿ ಬಂದಿರುತ್ತದೆ. ಬಹಳ ಹೊತ್ತು ಸವರಿ, ಪ್ರತಿ ಮನೆಯಲ್ಲೂ ಕಂಡ ಅತಿ ಹೆಚ್ಚಿನ ಅಲೆಯನ್ನು ಹಿಡಿದಿಟ್ಟರೆ ಯಾರು ಎಲ್ಲೆಲ್ಲಿ ಓಡಾಡಿದರೆಂಬ ಚಿತ್ರ ಸಿಗುತ್ತದೆ. ಒಂದೇ ಕ್ಷಣ ಒಂದೇ ಮನೆಯಲ್ಲಿ ಇಬ್ಬರಿದ್ದರೇ ಎಂಬುದು ಗೊತ್ತಾಗುವುದಿಲ್ಲ. ಜಗಳ ಆಗುವುದು ಹಾಗೆ ಇಬ್ಬರೂ ಒಟ್ಟಿಗೆ ಇದ್ದಾಗಲೇ. ಇಡೀ ಬಯಲನ್ನು ಒಮ್ಮೆಲೇ ನೋಡಬಲ್ಲ ದುಬಾರಿ ಯಂತ್ರಗಳು ಈಗ ಬಂದಿವೆ.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಎರಡು ಸಂಖ್ಯೆಗಳಿಲ್ಲದೆ ತೀರ್ಪು ಹೇಳುವಂತಿಲ್ಲ. ಮೊದಲನೆಯದು, ಬಂದ ಸಂಕೇತ ಎಷ್ಟು ಬಲವಾಗಿತ್ತು ಎಂಬುದು. ಎರಡನೆಯದು, ಕಳಿಸಿದ ನೂರು ಪ್ಯಾಕೆಟ್ಟುಗಳಲ್ಲಿ ಎಷ್ಟು ಕೆಟ್ಟವು ಎಂಬುದು. ಸಂಕೇತವೂ ದುರ್ಬಲ, ಪ್ಯಾಕೆಟ್ಟುಗಳೂ ನಷ್ಟ ಎಂದಾದರೆ ದೂರವೋ ಅಡ್ಡಿಯೋ ಕಾರಣ. ಸಂಕೇತ ಬಲವಾಗಿದ್ದೂ ಪ್ಯಾಕೆಟ್ಟು ಕೆಡುತ್ತಿದ್ದರೆ ಮೊದಲ ಸಂಶಯ ನೆರೆಯವರ ಮೇಲೆ ಹೋಗಬೇಕು. ಜಿಎಸ್‌ಎಂ ಜಾಲದ ಎಂಜಿನಿಯರುಗಳು ಪರೀಕ್ಷೆಯ ಫೋನನ್ನು ವಾಹನದಲ್ಲಿಟ್ಟು ರಸ್ತೆ ರಸ್ತೆ ಸುತ್ತುವಾಗ ನೋಡುತ್ತಿದ್ದುದೂ ಇವೆರಡನ್ನೇ. ಸಂಕೇತದ ಬಲಕ್ಕೆ ಒಂದು ಅಂಕ, ಗುಣಮಟ್ಟಕ್ಕೆ 0ಯಿಂದ 7ರವರೆಗೆ ಇನ್ನೊಂದು ಅಂಕ. 0 ಅಂದರೆ ಉತ್ತಮ, 7 ಅಂದರೆ ಮಾತು ಕೆಟ್ಟಂತೆ. ಫೋನಿನ ಪರದೆಯ ಮೇಲೆ ಕಡ್ಡಿಗಳೆಲ್ಲ ತುಂಬಿದ್ದೂ ಮಾತು ಒಡೆಯುವುದುಂಟು. ಏಕೆಂದರೆ ಆ ಕಡ್ಡಿಗಳು ಮೊದಲಿನದನ್ನು ಮಾತ್ರ ಹೇಳುತ್ತವೆ.

ಎರಡು ಅಲೆಗಳು ಒಂದೇ ಮನೆಯಲ್ಲಿ ಸಿಕ್ಕಿಬಿದ್ದಾಗಲೂ ಎಲ್ಲ ಸಲ ಪ್ಯಾಕೆಟ್ಟು ಕೆಡುವುದಿಲ್ಲ. ಬೇಕಾದ ಸಂಕೇತ ಬೇಡದ್ದಕ್ಕಿಂತ 11 ಡೆಸಿಬೆಲ್, ಅಂದರೆ ಸುಮಾರು ಹನ್ನೆರಡೂವರೆ ಪಟ್ಟು ಬಲವಾಗಿದ್ದರೆ ಬ್ಲೂಟೂತ್ ಗ್ರಾಹಕ ಅದನ್ನು ಹೆಕ್ಕಿಕೊಳ್ಳಬೇಕು ಎಂಬುದು ಅದರ ನಿಯಮಾವಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಅಲೆಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಸ್ವಂತ ಫೋನ್ ಕಿವಿಯಿಂದ ಅರ್ಧ ಮೀಟರ್, ನೆರೆಯವನ ಫೋನ್ ಎರಡು ಮೀಟರ್ ದೂರ ಇದ್ದರೆ ಸ್ವಂತದ್ದು 16 ಪಟ್ಟು ಬಲವಾಗಿರುತ್ತದೆ. ಡಿಕ್ಕಿಯಾದರೂ ಮಾತು ಉಳಿಯುತ್ತದೆ. ತೇರಿನ ಗುಂಪಿನಲ್ಲಿ ನೆರೆಯವನೂ ಅರ್ಧ ಮೀಟರಿಗೆ ಬಂದುಬಿಡುತ್ತಾನೆ. ಸಾಲದ್ದಕ್ಕೆ ಫೋನ್ ಎಡ ಜೇಬಿನಲ್ಲಿ, ಸಾಧನ ಬಲ ಕಿವಿಯಲ್ಲಿ. ನೀರಿನಂಶವೇ ಹೆಚ್ಚಿರುವ ಮನುಷ್ಯ ಶರೀರ ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಅಲ್ಲಿಗೆ ಸ್ವಂತದ್ದೇ ದುರ್ಬಲ, ಪಕ್ಕದವನದೇ ಬಲ. ಎರಡನೆಯ ಮತ್ತು ಮೂರನೆಯ ಆರೋಪಿಗಳು ಕೈಜೋಡಿಸಿದಂತೆ.

ಇದಕ್ಕಾಗಿಯೇ ಪ್ರಯೋಗಾಲಯದಲ್ಲಿ ಹೊರಗಿನ ಅಲೆ ಒಳಬಾರದ, ಒಳಗಿನದು ಗೋಡೆಗೆ ಬಡಿದು ಮರಳದ ಕೋಣೆಯಲ್ಲಿ ಅಳತೆ ನಡೆಯುತ್ತದೆ. ಮೊದಲು ಒಂದೇ ಜೋಡಿ ಸಾಧನವನ್ನು ಮಾತನಾಡಿಸಿ ಎಷ್ಟು ಪ್ಯಾಕೆಟ್ಟು ಕೆಡುತ್ತವೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಎರಡನೆಯ ಜೋಡಿಯನ್ನು ದೂರದಲ್ಲಿಟ್ಟು ಹಚ್ಚುತ್ತಾರೆ, ಹಂತಹಂತವಾಗಿ ಹತ್ತಿರ ತರುತ್ತಾರೆ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಬೇಕು. ಜಿಗಿತ ಗೊತ್ತುಗುರಿಯಿಲ್ಲದ್ದಾದ್ದರಿಂದ ಒಂದು ಸೆಕೆಂಡಿನ ಅಳತೆ ನಂಬುವಂತಿಲ್ಲ. ಸಾವಿರಾರು ಪ್ಯಾಕೆಟ್ಟುಗಳನ್ನು ಎಣಿಸಿದ ಮೇಲಷ್ಟೇ ಸರಾಸರಿಗೆ ಬೆಲೆ.

ಸಾಧನವೇ ಅಳತೆಗಾರ

2003ರಲ್ಲಿ ಬಂದ ಬ್ಲೂಟೂತಿನ 1.2 ಆವೃತ್ತಿಯಲ್ಲಿ ಒಂದು ಮುಖ್ಯ ಬದಲಾವಣೆಯಾಯಿತು. ಅಳತೆ ಪ್ರಯೋಗಾಲಯದಿಂದ ಜೇಬಿಗೆ ಇಳಿಯಿತು. ಯಾವ ಮನೆಯಲ್ಲಿ ಪ್ಯಾಕೆಟ್ಟು ಪದೇ ಪದೇ ಕೆಡುತ್ತಿದೆ, ತಾನು ಸುಮ್ಮನಿದ್ದಾಗಲೂ ಯಾವ ಮನೆಯಲ್ಲಿ ಸದ್ದಿದೆ ಎಂದು ಸಾಧನವೇ ಗಮನಿಸಿ, ಕೆಟ್ಟ ಮನೆಗಳನ್ನು ಪಟ್ಟಿಯಿಂದ ಕೈಬಿಡಬಹುದು. ಹೊಸ ಪಟ್ಟಿಯನ್ನು ಜೊತೆಗಾರನಿಗೂ ತಿಳಿಸಿ ಇಬ್ಬರೂ ಉಳಿದ ಮನೆಗಳಲ್ಲಿ ಮಾತ್ರ ಜಿಗಿಯುತ್ತಾರೆ. ಪಕ್ಕದ ಅಂಗಡಿಯ ವೈಫೈ ಸದಾ ಒಂದೇ ಕಡೆ ಇರುವುದರಿಂದ ಅದನ್ನು ತಪ್ಪಿಸುವುದು ಈ ಉಪಾಯದಿಂದ ಸುಲಭ.

ಆದರೆ ಇದಕ್ಕೂ ಮಿತಿಯಿದೆ. ಕನಿಷ್ಠ 20 ಮನೆಗಳನ್ನಾದರೂ ಬಳಸಲೇಬೇಕೆಂದು ನಿಯಮ. ಮೂರು ವೈಫೈಗಳು ಒಂದರ ಮೇಲೊಂದು ಬೀಳದಂತೆ ಹರಡಿ ಕೂತರೆ 60 ಮನೆ ಹೋಯಿತು, ಉಳಿದದ್ದು 19. ತೇರುಬೀದಿಯಲ್ಲಿ ಇನ್ನೊಂದು ತೊಡಕು. ವೈಫೈಗೆ ಹೆದರಿ ಎಲ್ಲ ಬ್ಲೂಟೂತ್‌ಗಳೂ ಅದೇ ಕೆಲವು ಖಾಲಿ ಮನೆಗಳಿಗೆ ನುಗ್ಗಿದರೆ ಅಲ್ಲಿ ಪರಸ್ಪರ ಡಿಕ್ಕಿ ಹೆಚ್ಚುತ್ತದೆ. ಪ್ರತಿಯೊಬ್ಬನೂ ತನ್ನ ಕಷ್ಟವನ್ನು ಮಾತ್ರ ಅಳೆಯುತ್ತಾನೆ, ತನ್ನಿಂದ ಇನ್ನೊಬ್ಬನಿಗೆ ಆದ ಕಷ್ಟ ಅವನ ಲೆಕ್ಕದಲ್ಲಿ ಇರುವುದಿಲ್ಲ.

ಎಷ್ಟಾದರೆ ಅತಿ?

ನೂರಕ್ಕೆ ಐದು ಪ್ಯಾಕೆಟ್ಟು ಕೆಟ್ಟರೆ ಅದು ಹೆಚ್ಚೋ ಕಡಿಮೆಯೋ? ಉತ್ತರ ಕೆಲಸವನ್ನು ಅವಲಂಬಿಸಿದೆ. ಹಾಡು ಕೇಳುವಾಗ ಸಾಧನ ಮುಂದಿನ ಚೂರುಗಳನ್ನು ಮೊದಲೇ ಸಂಗ್ರಹಿಸಿಟ್ಟುಕೊಂಡಿರುತ್ತದೆ. ಕೆಟ್ಟದ್ದನ್ನು ಮತ್ತೆ ತರಿಸಿಕೊಳ್ಳಲು ಸಾವಕಾಶವಿದೆ. ಫೋನಿನ ಮಾತಿಗೆ ಆ ಬಿಡುವಿಲ್ಲ, ತಡವಾಗಿ ಬಂದ ಅಕ್ಷರ ಬಾರದ ಅಕ್ಷರಕ್ಕೆ ಸಮ. ತೇರಿನಲ್ಲಿ ಹಾಡು ನಿಲ್ಲದಿದ್ದರೂ ಮಾತು ಒಡೆಯುವುದು ಇದಕ್ಕೇ. ಕಿವಿ ಮಂದವಾದ ಹಿರಿಯರು ಇಂದು ಫೋನಿನ ಮಾತನ್ನು ನೇರವಾಗಿ ಶ್ರವಣ ಸಾಧನಕ್ಕೆ ಬರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರ ತೋಳಿಗೆ ಅಂಟಿಸಿದ ಸಂವೇದಕ ಇದೇ ಬಯಲಿನಲ್ಲಿ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ಅಲ್ಲಿ ಕಳೆದುಹೋಗುವುದು ಹಾಡಿನ ಚೂರಲ್ಲ.

ಇಂಥವರು ದೂರು ಕೊಡಬೇಕೆಂದರೆ ಎಲ್ಲಿ ಕೊಡಬೇಕು? ಭಾರತ ಸರ್ಕಾರ 2005ರ ಜನವರಿಯಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಈ ಬಯಲನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ಅದಕ್ಕೆ ಮೂರು ಷರತ್ತು. ಬೇರೆಯವರಿಗೆ ತೊಂದರೆ ಕೊಡಬಾರದು. ಬೇರೆಯವರಿಂದ ತೊಂದರೆಯಾದರೆ ರಕ್ಷಣೆ ಕೇಳಬಾರದು. ಯಾರಿಗೂ ಇದು ಪ್ರತ್ಯೇಕ ಸ್ವತ್ತಲ್ಲ. ಅಗ್ಗದ ಸಾಧನಗಳು ಮನೆಮನೆಗೆ ಬರಲು ಈ ಉದಾರತೆಯೇ ದಾರಿಮಾಡಿತು. ಅದರ ಬೆಲೆಯೆಂದರೆ, ತೊಂದರೆಗೊಳಗಾದವನ ಕೈಯಲ್ಲಿ ಹಕ್ಕಿಲ್ಲ, ಅಳತೆ ಮಾತ್ರ ಇದೆ. ಸಾಧನ ತಯಾರಿಸುವವರು ಮಾರಾಟಕ್ಕೆ ಮೊದಲೇ ಗುಂಪಿನ ನಡುವೆ ಅದನ್ನು ಪರೀಕ್ಷಿಸಿದರೇ, ಬರಿಯ ಖಾಲಿ ಕೋಣೆಯಲ್ಲಿ ಪರೀಕ್ಷಿಸಿ ಸುಮ್ಮನಾದರೇ ಎಂಬ ಪ್ರಶ್ನೆಗೆ ಮಹತ್ವ ಬರುವುದು ಇಲ್ಲಿ.

ನೀರುಗಂಟಿಯಿಲ್ಲದ ಕೆರೆ

ಎಲ್ಲರಿಗೂ ಸೇರಿದ, ಯಾರದೂ ಅಲ್ಲದ ಸ್ವತ್ತನ್ನು ಹಂಚಿಕೊಳ್ಳುವುದು ಈ ಸೀಮೆಗೆ ಹಳೆಯ ವಿದ್ಯೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೇ ಶತಮಾನದ ಕದಂಬರ ಕಂಬಶಾಸನ ರಾಜವಂಶದ ಕಥೆಗಾಗಿ ಪ್ರಸಿದ್ಧ. ಆದರೆ ಅದು ದಾಖಲಿಸುವ ಕೆಲಸ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದು. ಪಕ್ಕದ ಸೊರಬ ಕೆರೆಗಳ ತಾಲ್ಲೂಕೆಂದೇ ಹೆಸರಾದದ್ದು. ಹಳೆ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬವನೊಬ್ಬನಿರುತ್ತಿದ್ದ. ನೀರು ಎಷ್ಟಿದೆ ಎಂದು ನೋಡಿ, ಯಾವ ಗದ್ದೆಗೆ ಯಾವಾಗ ಎಂದು ಸರದಿ ಗೊತ್ತುಮಾಡಿ, ತೂಬು ಎತ್ತುವುದು ಅವನ ಕೆಲಸ. ನೀರು ಕಡಿಮೆಯಾದ ವರ್ಷ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ.

ಕಂಪನಾಂಕ ಜಿಗಿತವೂ ಮಾಡುವುದು ಅದನ್ನೇ. ಅದು ಅಡಚಣೆಯನ್ನು ಇಲ್ಲವಾಗಿಸುವುದಿಲ್ಲ, ಒಬ್ಬನ ತಲೆಯ ಮೇಲೆ ಪೂರ್ತಿ ಬೀಳದಂತೆ ಎಲ್ಲರಿಗೂ ಹಂಚುತ್ತದೆ. ಗಾಳಿಯ ಈ ಕೆರೆಗೆ ನೀರುಗಂಟಿ ಮಾತ್ರ ಇಲ್ಲ. ಪ್ರತಿ ಸಾಧನವೂ ತಾನೇ ಅಳೆದು, ತಾನೇ ಸರಿದುಕೊಳ್ಳಬೇಕು.

ತೇರುಬೀದಿಯಲ್ಲಿ ನಿಂತವರಿಗೂ ಯಂತ್ರವಿಲ್ಲದ ಒಂದು ಅಳತೆ ಸಾಧ್ಯ. ಪ್ರಯೋಗಾಲಯದ ನಿಯಮದಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲು ಫೋನನ್ನು ಕಿವಿಯಿರುವ ಬದಿಯ ಅಂಗಿ ಜೇಬಿಗೆ ತರಬೇಕು. ಮಾತು ಸರಿಹೋದರೆ ತಪ್ಪು ಶರೀರದ್ದು. ಹೋಗದಿದ್ದರೆ ಗುಂಪಿನಿಂದ ಹತ್ತು ಮಾರು ಆಚೆ ನಡೆಯಬೇಕು. ಆಗ ಸರಿಹೋದರೆ ಸಂಶಯ ನೆರೆಯವರ ಮೇಲೆ. ಆಗಲೂ ಒಡೆಯುತ್ತಿದ್ದರೆ ಬ್ಲೂಟೂತ್ ತೆಗೆದು ಫೋನನ್ನೇ ಕಿವಿಗಿಟ್ಟು ನೋಡಬೇಕು. ಅದರಲ್ಲೂ ಮಾತು ತುಂಡಾದರೆ, ಟವರಿಗೆ ಬಯ್ಯಲು ಅಡ್ಡಿಯಿಲ್ಲ.